ನಗೆಯ ಮನೋಧರ್ಮ ಮತ್ತು ದೇಹಾರೋಗ್ಯ

ನಕ್ಕರೆ ಆರೋಗ್ಯ ಎಂಬ ಮಾತು ಈಗ ಗಾದೆಯಷ್ಟೇ ಸಲೀಸಾಗಿ ಜನರ ಬಾಯಲ್ಲಿ ಓಡಾಡುತ್ತಿದೆ. ಚಿಕಿತ್ಸಾಲಯದ ಗೋಡೆಯ ಮೇಲೂ ಕ್ಯಾಲೆಂಡರಿನ ಅಡಿಯಲ್ಲೂ ಅದನ್ನು ಕಾಣುತ್ತೇವೆ. ಸರ್ವಸಮ್ಮತವಾದ ಮಾತನ್ನು ಯಾರೂ ಪರೀಕ್ಷಿಸುವ ಗೋಜಿಗೆ ಹೋಗುವುದಿಲ್ಲವಷ್ಟೆ. ನನಗೂ ಅದನ್ನು ಒರೆಗೆ ಹಚ್ಚಬೇಕೆಂಬ ಬುದ್ಧಿ ಹುಟ್ಟಿದ್ದು ಒಬ್ಬ ಹಿರಿಯರ ಹಾಸಿಗೆಯ ಬಳಿ ಕುಳಿತಿದ್ದಾಗ. ಅವರು ಪ್ರೌಢಶಾಲೆಯಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು. ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ ಎರಡು ದಿನವಾಗಿತ್ತು. ಹೊಲಿಗೆ ಇನ್ನೂ ಹಸಿಯಾಗಿತ್ತು. ನೋಡಲು ಬಂದವರೆಲ್ಲರೂ "ನಗುನಗುತ್ತಾ ಇರಿ ಮೇಷ್ಟ್ರೇ, ಎಲ್ಲ ವಾಸಿಯಾಗುತ್ತೆ" ಎಂದು ಹೇಳಿ, ಸಾಲದೆಂಬಂತೆ ಒಂದೊಂದು ನಗೆಹನಿಯನ್ನೂ ಒಪ್ಪಿಸಿ ಹೋಗುತ್ತಿದ್ದರು. ಮೇಷ್ಟ್ರು ಎರಡೂ ಕೈಗಳಿಂದ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ಹಲ್ಲು ಕಚ್ಚಿ, ಬರುವ ನಗೆಯನ್ನು ತಡೆಯುತ್ತಿದ್ದರು. ಎಲ್ಲರೂ ಹೋದ ಮೇಲೆ, "ನಗಬೇಡಿ ಅಂತಾರೆ ಡಾಕ್ಟರು, ನಗಿ ಅಂತಾರೆ ನೆಂಟರು. ನಾನು ಯಾರ ಮಾತು ಕೇಳಲಪ್ಪ?" ಎಂದರು.

ಪಕ್ಕದ ಹಾಸಿಗೆಯಲ್ಲಿ ಬಹುಕಾಲದಿಂದ ಕಾಯಿಲೆ ಬಿದ್ದಿದ್ದ ತರುಣನೊಬ್ಬನಿದ್ದ. ಮೇಷ್ಟ್ರನ್ನು ನೋಡಲು ಬಂದವರು ಅವನಿಗೂ ಅದೇ ಉಪದೇಶವನ್ನು ಕೊಟ್ಟು ಹೋಗುತ್ತಿದ್ದರು. ಒಂದು ಸಂಜೆ ಅವನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು, "ನನಗೆ ನಗು ಬರೋದಿಲ್ಲ. ಕಾಯಿಲೆ ವಾಸಿಯಾಗದೆ ಇರೋದಕ್ಕೆ ಅದೇ ಕಾರಣ ಅಂತಲೋ ಏನೋ" ಎಂದ. ಆ ಮಾತು ಬಹಳ ದಿನ ನನ್ನನ್ನು ಕಾಡಿತು. ನಗೆಯು ಔಷಧವೆಂದು ಸಾರುವವರು, ನಗಲಾರದವನ ಮೇಲೆ ಅವನ ರೋಗದ ಹೊಣೆಯನ್ನೂ ಹೊರಿಸಿಬಿಡುತ್ತಿದ್ದಾರೆಯೇ? ನಗೆಯಲ್ಲಿ ಔಷಧಗುಣವಿದ್ದರೆ ಅದು ಯಾವ ನಗೆಯಲ್ಲಿದೆ, ಎಷ್ಟಿದೆ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಪ್ರಾಚೀನ ರಸಮೀಮಾಂಸಕರೂ ಆಧುನಿಕ ಮನಶ್ಶಾಸ್ತ್ರಜ್ಞರೂ ವೈದ್ಯರೂ ಹೇಳಿರುವುದನ್ನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇನೆ.

ಮೊದಲು ನಗೆ ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. ನಮ್ಮ ನುಡಿಯೇ ಇದಕ್ಕೆ ಸಾಕ್ಷಿ. ಮುಗುಳ್ನಗೆ, ನಸುನಗೆ, ಹುಸಿನಗೆ, ಪೆಚ್ಚುನಗೆ, ಕುಹಕದ ನಗೆ, ಅಟ್ಟಹಾಸ ಇವೆಲ್ಲ ಒಂದೇ ವಸ್ತುವಿನ ಪರ್ಯಾಯನಾಮಗಳಲ್ಲ. ಪೆಚ್ಚುನಗೆ ನಕ್ಕವನನ್ನು ಯಾರೂ ಸುಖಿಯೆಂದು ಭಾವಿಸುವುದಿಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸಿ, ಉತ್ತಮ ಮಧ್ಯಮ ಅಧಮ ಪ್ರಕೃತಿಯ ಪಾತ್ರಗಳಿಗೆ ಎರಡೆರಡನ್ನು ಹಂಚಿಕೊಟ್ಟಿದ್ದಾನೆ. ಕೆನ್ನೆ ಕೊಂಚ ಅರಳಿ ಹಲ್ಲು ತೋರದಿರುವುದು ಸ್ಮಿತ. ಕಣ್ಣಲ್ಲಿ ನೀರು ಬಂದು, ಕರ್ಕಶವಾದ ದನಿ ಹೊರಟು, ಕೈಗಳು ಪಕ್ಕೆಗಳನ್ನು ಹಿಡಿದುಕೊಳ್ಳುವುದು ಅತಿಹಸಿತ. ಇದು ರಂಗಭೂಮಿಯ ನಟನಿಗಾಗಿ ಮಾಡಿದ ವಿಂಗಡಣೆ, ವೈದ್ಯನಿಗಾಗಿ ಮಾಡಿದ್ದಲ್ಲ. ಆದರೂ ದೇಹದ ಮೇಲೆ ನಗೆಯು ಮಾಡುವ ಕೆಲಸವನ್ನು ಇಷ್ಟು ಸೂಕ್ಷ್ಮವಾಗಿ ನೋಡಿದವರು ಅಂದಿನ ಕಾಲಕ್ಕೆ ವಿರಳ. ಇದೇ ಪ್ರಸಂಗದಲ್ಲಿ ಭರತನು ಹಾಸ್ಯಕ್ಕೆ ವರ್ಣವು ಬಿಳಿಯೆಂದೂ ಅಧಿದೇವತೆಗಳು ಪ್ರಮಥರೆಂದೂ ಹೇಳಿದ್ದಾನೆ. ವಿಚಿತ್ರ ರೂಪ, ವಿಚಿತ್ರ ಚೇಷ್ಟೆಗಳ ಶಿವಗಣಗಳನ್ನು ನಗೆಗೆ ಒಡೆಯರನ್ನಾಗಿ ಮಾಡಿದ್ದು ಸಹಜವೇ. ಶರಣರನ್ನೂ ಪ್ರಮಥರೆಂದು ಕರೆಯುವ ರೂಢಿಯುಳ್ಳ ನಮ್ಮ ಪುರಾಣಕಾವ್ಯಗಳ ಓದುಗರಿಗೆ ಈ ಸಂಗತಿ ಸಂತೋಷವನ್ನು ಕೊಟ್ಟೀತು.

ಆದರೆ ನನ್ನ ಗಮನವನ್ನು ಹೆಚ್ಚಾಗಿ ಸೆಳೆದದ್ದು ಭರತನು ಕೊಡುವ ವ್ಯಭಿಚಾರಿಭಾವಗಳ ಪಟ್ಟಿ. ಹಾಸ್ಯದೊಡನೆ ಬಂದುಹೋಗುವ ಭಾವಗಳಲ್ಲಿ ಆಲಸ್ಯ, ತಂದ್ರಾ, ನಿದ್ರಾ ಇವುಗಳ ಜೊತೆಗೆ ಅಸೂಯೆಯೂ ಇದೆ. ನಕ್ಕ ಮೇಲೆ ಮೈ ಸಡಿಲವಾಗಿ ನಿದ್ರೆ ಬರುವುದು ಒಂದು ಕಡೆ. ನಗುವವನ ಒಳಗೇ ಅಸೂಯೆ ಸುಳಿದಾಡುವುದು ಇನ್ನೊಂದು ಕಡೆ. ಆಧುನಿಕ ಶೋಧನೆಗಳೆಲ್ಲ ನಮ್ಮಲ್ಲಿ ಮೊದಲೇ ಇದ್ದುವೆಂದು ಹೇಳುವ ಚಪಲ ನನಗಿಲ್ಲ. ಆದರೆ ನಗೆಯೊಳಗೆ ವಿಶ್ರಾಂತಿಯೂ ಉಂಟು, ವಿಷವೂ ಉಂಟು ಎಂಬ ಈ ದ್ವಂದ್ವವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಶರೀರಶಾಸ್ತ್ರದ ದೃಷ್ಟಿಯಿಂದ ನಗೆಯೆಂಬುದು ಉಸಿರಾಟದ ಒಂದು ವಿಶೇಷ ಕ್ರಮ. ಎದೆಗೂ ಹೊಟ್ಟೆಗೂ ನಡುವಣ ವಪೆಯೂ ಪಕ್ಕೆಲುಬುಗಳ ನಡುವಣ ಸ್ನಾಯುಗಳೂ ಕಿಬ್ಬೊಟ್ಟೆಯ ಸ್ನಾಯುಗಳೂ ತಡೆತಡೆದು ಸಂಕುಚಿಸುವುದರಿಂದ ಶ್ವಾಸಕೋಶದ ಗಾಳಿ ತುಂಡುತುಂಡಾಗಿ ಹೊರಬೀಳುತ್ತದೆ. 'ಹ ಹ ಹ' ಎಂಬುದು ಆ ತುಂಡುಗಳ ದನಿ. ನಗುವಾಗ ನಾಡಿಯ ಬಡಿತ ಏರುತ್ತದೆ, ನಕ್ಕು ಮುಗಿದ ಮೇಲೆ ಇಳಿಯುತ್ತದೆ, ಸ್ನಾಯುಗಳು ಸಡಿಲುತ್ತವೆ. ನಗುವವನ ಕೈಯಿಂದ ಲೋಟ ಜಾರುವುದು ಇದರಿಂದಲೇ. ಮುಖದ ವಿಚಾರದಲ್ಲಿ ಫ್ರಾನ್ಸಿನ ವೈದ್ಯ ಡುಶೆನ್ ೧೮೬೨ರಲ್ಲಿ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದನು. ಬಾಯಿಯ ಮೂಲೆಗಳನ್ನು ಮೇಲಕ್ಕೆಳೆಯುವ ಸ್ನಾಯು ನಮ್ಮ ಇಚ್ಛೆಗೆ ಒಳಪಟ್ಟದ್ದು. ಆದರೆ ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಸಂತೋಷವಿಲ್ಲದೆ ಸುಲಭವಾಗಿ ಒಲಿಯುವುದಿಲ್ಲ. ಛಾಯಾಚಿತ್ರಕ್ಕೆ ನಿಂತವರ ತುಟಿ ನಕ್ಕರೂ ಕಣ್ಣು ನಗದಿರುವುದನ್ನು ನಾವೆಲ್ಲ ಕಂಡಿದ್ದೇವೆ. ೧೮೭೨ರಲ್ಲಿ ಡಾರ್ವಿನ್ ತನ್ನ ಭಾವಾಭಿವ್ಯಕ್ತಿಯ ಗ್ರಂಥದಲ್ಲಿ ಡುಶೆನ್‌ನ ಚಿತ್ರಗಳನ್ನು ಬಳಸಿಕೊಂಡಿದ್ದಾನೆ.

ಮಿದುಳಿನ ವಿಷಯದಲ್ಲಿ ೧೯೯೮ರಲ್ಲಿ ಪ್ರಕಟವಾದ ಒಂದು ವರದಿ ವಿಸ್ಮಯಕರವಾಗಿದೆ. ಅಮೆರಿಕದಲ್ಲಿ ಅಪಸ್ಮಾರಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ೧೬ ವರ್ಷದ ಹುಡುಗಿಯೊಬ್ಬಳ ಮಿದುಳಿನ ಎಡಭಾಗದ ಒಂದು ಸಣ್ಣ ಪ್ರದೇಶಕ್ಕೆ ವೈದ್ಯರು ಮಂದವಾದ ವಿದ್ಯುತ್ತನ್ನು ಹಾಯಿಸಿದಾಗ ಆಕೆ ಮುಗುಳ್ನಕ್ಕಳು. ವಿದ್ಯುತ್ತನ್ನು ಹೆಚ್ಚಿಸಿದಂತೆ ಗಟ್ಟಿಯಾಗಿ ನಗತೊಡಗಿದಳು. ಏಕೆ ನಗುತ್ತೀಯೆಂದು ಕೇಳಿದಾಗ ಅವಳು ಪ್ರತಿ ಸಲವೂ ಒಂದು ಕಾರಣವನ್ನು ಕೊಟ್ಟಳು. ಒಮ್ಮೆ ಎದುರಿನ ಕುದುರೆಯ ಚಿತ್ರ, ಇನ್ನೊಮ್ಮೆ ಸುತ್ತ ನಿಂತಿದ್ದ ವೈದ್ಯರೇ ಅವಳಿಗೆ ತಮಾಷೆಯಾಗಿ ಕಂಡರು! ನಗೆ ಮೊದಲು, ಕಾರಣ ಆಮೇಲೆ. ನಾವು ನಮ್ಮ ನಗೆಗೆ ಕೊಡುವ ಸಮರ್ಥನೆಗಳನ್ನು ಅಷ್ಟಾಗಿ ನಂಬಬಾರದೆಂದು ಇದರಿಂದ ತಿಳಿಯಬಹುದು. ಮಿದುಳಿನ ಕೆಲವು ರೋಗಗಳಲ್ಲಿ ರೋಗಿಯು ಯಾವ ಸಂತೋಷವೂ ಇಲ್ಲದೆ ನಗುವುದನ್ನು ವೈದ್ಯರು ಬಲ್ಲರು.

ಹಾಗಾದರೆ ಆರೋಗ್ಯವಂತನಾದ ಮನುಷ್ಯನು ಏಕೆ ನಗುತ್ತಾನೆ? ಪಾಶ್ಚಾತ್ಯ ಚಿಂತಕರ ಉತ್ತರಗಳನ್ನು ಸ್ಥೂಲವಾಗಿ ಮೂರು ಪಂಥಗಳಾಗಿ ನೋಡುವುದು ವಾಡಿಕೆ. ಮೊದಲನೆಯದು ಹಿರಿಮೆಯ ವಾದ. ಗ್ರೀಸಿನ ಪ್ಲೇಟೋ ತನ್ನ 'ಫಿಲೆಬಸ್' ಸಂವಾದದಲ್ಲಿ, ತನ್ನನ್ನು ತಾನರಿಯದ ದುರ್ಬಲನನ್ನು ಕಂಡು ನಗುವಾಗ ನಮ್ಮ ಸುಖದಲ್ಲಿ ಮತ್ಸರದ ನೋವೂ ಬೆರೆತಿರುತ್ತದೆಂದು ವಿವರಿಸಿದ್ದಾನೆ. ಭರತನ ಅಸೂಯೆಯು ಇಲ್ಲಿ ನೆನಪಾಗದಿರದು. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಹಾಬ್ಸ್, ಇನ್ನೊಬ್ಬನ ಕೊರತೆಯೊಡನೆ ಹೋಲಿಸಿಕೊಂಡು ತನ್ನ ಮೇಲ್ಮೆಯನ್ನು ಥಟ್ಟನೆ ಕಂಡುಕೊಳ್ಳುವ ಹೆಮ್ಮೆಯೇ ನಗೆಯೆಂದನು. ನಗುವವರ ಮುಂದೆ ಎಡವಿ ಬಿದ್ದ ಹಾಗೆ ಎಂಬ ನಮ್ಮ ಗಾದೆ ಬಿದ್ದವನ ಕಡೆಯಿಂದ ಹೇಳುವುದನ್ನೇ ಹಾಬ್ಸ್ ನಗುವವನ ಕಡೆಯಿಂದ ಹೇಳಿದ್ದಾನೆ.

ಎರಡನೆಯದು ಅಸಂಗತತೆಯ ವಾದ. ಕಾಂಟ್ ೧೭೯೦ರಲ್ಲಿ ಹೇಳಿದಂತೆ, ಬಿಗಿಯಾಗಿ ಎಳೆದು ನಿಲ್ಲಿಸಿದ ನಿರೀಕ್ಷೆಯು ಇದ್ದಕ್ಕಿದ್ದಂತೆ ಏನೂ ಇಲ್ಲವಾಗಿ ಬಿಡುವುದರಲ್ಲಿ ನಗೆಯ ಹುಟ್ಟಿದೆ. ಅಭಿನವಗುಪ್ತನು ಹಾಸ್ಯದ ಮೂಲವನ್ನು ಅನೌಚಿತ್ಯದಲ್ಲಿ ಗುರುತಿಸಿರುವುದು ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಯಾವ ಭಾವವೇ ಆಗಲಿ ಅಪಾತ್ರದಲ್ಲಿ, ಅಸ್ಥಾನದಲ್ಲಿ ಕಾಣಿಸಿಕೊಂಡರೆ ಅದು ಹಾಸ್ಯಕ್ಕೆ ವಿಭಾವವಾಗುತ್ತದೆ. ಫ್ರಾನ್ಸಿನ ತತ್ತ್ವಜ್ಞ ಬರ್ಗ್‌ಸನ್ ೧೯೦೦ರಲ್ಲಿ ಪ್ರಕಟಿಸಿದ ತನ್ನ ನಗೆಯ ಪ್ರಬಂಧದಲ್ಲಿ ಇದನ್ನು ಮತ್ತೊಂದು ರೀತಿಯಲ್ಲಿ ಹೇಳಿದನು. ಸಜೀವನಾದ ಮನುಷ್ಯನು ಯಂತ್ರದಂತೆ ವರ್ತಿಸಿದಾಗ, ಅಂದರೆ ಸನ್ನಿವೇಶ ಬದಲಾದರೂ ಅವನ ಅಭ್ಯಾಸ ಬದಲಾಗದಿದ್ದಾಗ, ಸಮಾಜವು ಅವನನ್ನು ನಕ್ಕು ತಿದ್ದುತ್ತದೆ. ಹೀಗೆ ನಗುವ ಹೊತ್ತಿನಲ್ಲಿ ನಮ್ಮ ಹೃದಯವು ತುಸು ಮರಗಟ್ಟಿರುತ್ತದೆಂದೂ ಅವನು ಒಪ್ಪಿಕೊಂಡಿದ್ದಾನೆ.

ಮೂರನೆಯದು ಬಿಡುಗಡೆಯ ವಾದ. ಆರೋಗ್ಯದ ಪ್ರಶ್ನೆಗೆ ಇದೇ ಹೆಚ್ಚು ಹತ್ತಿರವಾದುದು. ಸ್ಪೆನ್ಸರ್ ೧೮೬೦ರಲ್ಲಿ, ಬಳಕೆಯಾಗದೆ ಉಳಿದ ನರಶಕ್ತಿಯು ನಗೆಯಾಗಿ ಹರಿದುಹೋಗುತ್ತದೆಂದನು. ಫ್ರಾಯ್ಡ್ ೧೯೦೫ರಲ್ಲಿ ನಗೆಮಾತುಗಳನ್ನು ಕುರಿತ ತನ್ನ ಗ್ರಂಥದಲ್ಲಿ, ನಾವು ಅದುಮಿಟ್ಟ ಬಯಕೆಗಳನ್ನೂ ದ್ವೇಷಗಳನ್ನೂ ಕಾಯಲು ವ್ಯಯವಾಗುತ್ತಿದ್ದ ಮನಶ್ಶಕ್ತಿ ಒಂದು ಕ್ಷಣ ಉಳಿತಾಯವಾಗಿ ನಗೆಯಾಗುತ್ತದೆಂದು ಪ್ರತಿಪಾದಿಸಿದನು. ಇದಕ್ಕಿಂತಲೂ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ಅವನು ೧೯೨೭ರಲ್ಲಿ ಬರೆದ ಚಿಕ್ಕದೊಂದು ಲೇಖನ. ಅದರಲ್ಲಿ ಫ್ರಾಯ್ಡ್ ವಿನೋದಬುದ್ಧಿಯನ್ನು ನಗೆಚಾಟಿಕೆಯಿಂದ ಬೇರ್ಪಡಿಸುತ್ತಾನೆ. ಸೋಮವಾರದ ಬೆಳಗ್ಗೆ ನೇಣುಗಂಬದ ಕಡೆಗೆ ಕರೆದೊಯ್ಯುತ್ತಿರುವ ಕೈದಿಯೊಬ್ಬನು, ಈ ವಾರ ಚೆನ್ನಾಗಿಯೇ ಆರಂಭವಾಯಿತೆಂದು ಹೇಳಿಕೊಳ್ಳುವ ನಿದರ್ಶನವನ್ನು ಅವನು ಕೊಡುತ್ತಾನೆ. ಇಲ್ಲಿ ಬೀಳುವವನು ಬೇರೆ, ನಗುವವನು ಬೇರೆ ಅಲ್ಲ. ತಂದೆಯು ಅಂಜಿದ ಮಗುವಿನ ತಲೆ ನೇವರಿಸಿ, ಇದೇನು ಮಹಾ ಎಂದು ಸಮಾಧಾನ ಹೇಳುವಂತೆ ಮನಸ್ಸಿನ ಹಿರಿಯ ಭಾಗವು ಕಿರಿಯ ಭಾಗಕ್ಕೆ ಸಮಾಧಾನ ಹೇಳುತ್ತದೆಂದು ಫ್ರಾಯ್ಡ್‌ನ ವಿವರಣೆ. ದುಃಖವಿಲ್ಲವೆಂದು ಹೇಳುವ ನಗೆ ಇದಲ್ಲ. ದುಃಖವನ್ನು ಕಂಡೂ ಅದಕ್ಕೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಬಿಡದ ನಗೆ. ಹಾಬ್ಸ್ ಇದನ್ನು ಕಂಡಿದ್ದರೆ ತನ್ನ ವಾದವನ್ನು ಎಷ್ಟು ಬದಲಾಯಿಸಿಕೊಳ್ಳುತ್ತಿದ್ದನೋ ಹೇಳಲಾಗದು.

ಈ ಮೂರು ವಾದಗಳೂ ನಗೆಯ ವಿಷಯವನ್ನು ಹುಡುಕುತ್ತವೆ. ನಗೆಯ ಸಂಗಡಿಗರನ್ನು ಗಮನಿಸುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಈ ಕೊರತೆಯನ್ನು ತುಂಬಿದವನು. ಅವನೂ ಅವನ ವಿದ್ಯಾರ್ಥಿಗಳೂ ಪ್ರಯೋಗಾಲಯವನ್ನು ಬಿಟ್ಟು, ಅಂಗಡಿಬೀದಿಗಳಲ್ಲಿಯೂ ಪಾದಚಾರಿಗಳ ನಡುವೆಯೂ ನಿಂತು ಜನ ಯಾವಾಗ ನಗುತ್ತಾರೆಂದು ಬರೆದಿಟ್ಟುಕೊಂಡರು. ೨೦೦೦ದಲ್ಲಿ ಹೊರಬಂದ ಅವನ ಗ್ರಂಥದ ಪ್ರಕಾರ, ನಗೆಯ ಮುಂಚೆ ಬರುವ ಮಾತುಗಳಲ್ಲಿ ವಿನೋದದ ಮಾತೆನ್ನಬಹುದಾದವು ನೂರಕ್ಕೆ ಹತ್ತರಿಂದ ಇಪ್ಪತ್ತು ಮಾತ್ರ. ಮಿಕ್ಕವು "ಸರಿ, ಆಮೇಲೆ ಸಿಗೋಣ" ಎಂಬಂಥ ಸಪ್ಪೆ ಮಾತುಗಳು. ಮನುಷ್ಯನು ಒಂಟಿಯಾಗಿರುವಾಗ ನಗುವುದಕ್ಕಿಂತ ಜೊತೆಯಲ್ಲಿರುವಾಗ ಸುಮಾರು ಮೂವತ್ತು ಪಾಲು ಹೆಚ್ಚು ನಗುತ್ತಾನೆಂದೂ ಅವನು ಕಂಡುಕೊಂಡನು. ಆದ್ದರಿಂದ ನಗೆಯು ಹಾಸ್ಯಕ್ಕೆ ಕೊಡುವ ಉತ್ತರಕ್ಕಿಂತ ಹೆಚ್ಚಾಗಿ ಮನುಷ್ಯನು ಮನುಷ್ಯನಿಗೆ ಕೊಡುವ ಸಂಕೇತ. ನಗೆಗೆ ಸಂಕ್ರಮಣಸ್ವಭಾವವಿದೆಯೆಂದು ಅಭಿನವಗುಪ್ತನು ಹೇಳಿರುವುದು ಇಲ್ಲಿ ಸ್ಮರಣೀಯ. ಹುಳಿಯನ್ನು ತಿನ್ನುವವನನ್ನು ನೋಡಿದವನ ಬಾಯಲ್ಲೂ ನೀರೂರುವಂತೆ ನಗೆಯು ಒಬ್ಬನಿಂದೊಬ್ಬನಿಗೆ ಹರಡುತ್ತದೆ.

ಈ ಸಂಕ್ರಮಣಕ್ಕೆ ಭಯಾನಕವಾದ ಒಂದು ಮುಖವೂ ಉಂಟು. ಪೂರ್ವ ಆಫ್ರಿಕದ ಟಾಂಗನಿಕಾ ದೇಶದಲ್ಲಿ, ವಿಕ್ಟೋರಿಯಾ ಸರೋವರದ ಸಮೀಪದ ಕಷಾಷಾ ಎಂಬ ಹಳ್ಳಿಯ ಬಾಲಿಕಾ ಶಾಲೆಯಲ್ಲಿ ೧೯೬೨ರ ಜನವರಿ ೩೦ರಂದು ಮೂವರು ಹುಡುಗಿಯರು ನಗತೊಡಗಿದರು. ಅದು ನಿಲ್ಲಲಿಲ್ಲ. ಶಾಲೆಯ ೧೫೯ ಮಕ್ಕಳಲ್ಲಿ ೯೫ ಮಂದಿಗೆ ಹಬ್ಬಿತು. ಮಾರ್ಚ್ ೧೮ರಂದು ಶಾಲೆಯನ್ನು ಮುಚ್ಚಬೇಕಾಯಿತು. ಮನೆಗೆ ಹೋದ ಮಕ್ಕಳಿಂದ ಸುತ್ತಲಿನ ಊರುಗಳಿಗೂ ಅದು ಹರಡಿತು. ಕೆಲವರಿಗೆ ಕೆಲವು ಗಂಟೆ, ಕೆಲವರಿಗೆ ಹದಿನಾರು ದಿನಗಳವರೆಗೆ ನಗೆ ಅಳು ಎರಡೂ ಸೇರಿ ಬರುತ್ತಿದ್ದುವು. ರಕ್ತಪರೀಕ್ಷೆಯಲ್ಲಿ ಯಾವ ಸೋಂಕೂ ಕಾಣಲಿಲ್ಲ. ದೇಶವು ಸ್ವತಂತ್ರವಾಗಿ ಕೆಲವೇ ವಾರಗಳಾಗಿದ್ದ ಕಾಲ ಅದು. ಮಕ್ಕಳು ಮನೆಯ ನಡಾವಳಿಗೂ ವಸತಿಶಾಲೆಯ ಕಟ್ಟುಪಾಡಿಗೂ ನಡುವೆ ಸಿಕ್ಕಿ ಒತ್ತಡಕ್ಕೆ ಒಳಗಾಗಿದ್ದರೆಂದು ಮುಂದೆ ಹಲವರು ಅರ್ಥೈಸಿದ್ದಾರೆ. ಈ ನಗೆಯನ್ನು ಕೇಳಿ ಯಾರಾದರೂ ಆರೋಗ್ಯದ ಲಕ್ಷಣವೆಂದಾರೆಯೇ? ನಗೆಯ ಸದ್ದೇ ಸೌಖ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಚಿಕಿತ್ಸೆಯ ವಿಚಾರ. ನಗೆಯು ರೋಗವನ್ನು ಗುಣಪಡಿಸುತ್ತದೆಂಬ ನಂಬಿಕೆ ಇಂದು ಇಷ್ಟು ವ್ಯಾಪಕವಾಗಿರಲು ಮುಖ್ಯ ಕಾರಣನಾದವನು ನಾರ್ಮನ್ ಕಸಿನ್ಸ್ ಎಂಬ ಅಮೆರಿಕದ ಪತ್ರಿಕಾ ಸಂಪಾದಕ. ೧೯೬೪ರಲ್ಲಿ ಮಾಸ್ಕೋದಿಂದ ಹಿಂದಿರುಗಿದ ಸ್ವಲ್ಪ ದಿನಗಳಲ್ಲೇ ಅವನಿಗೆ ಜ್ವರ ಬಂದು, ಸಂಧಿಗಳು ಬಿಗಿದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟವಾಯಿತು. ಬೆನ್ನೆಲುಬಿನ ಸಂಧಿಗಳನ್ನು ಬಿಗಿಯುವ ಘೋರವ್ಯಾಧಿಯೆಂದು ವೈದ್ಯರು ನಿರ್ಣಯಿಸಿದರು. ಪೂರ್ತಿ ಗುಣವಾಗುವ ಸಂಭವ ಐನೂರರಲ್ಲಿ ಒಂದೆಂದು ಒಬ್ಬ ತಜ್ಞರು ಹೇಳಿದರಂತೆ. ಕಸಿನ್ಸ್ ತನ್ನ ವೈದ್ಯಮಿತ್ರನ ಒಪ್ಪಿಗೆಯಿಂದ ನೋವುನಿವಾರಕ ಗುಳಿಗೆಗಳನ್ನು ಬಿಟ್ಟು, ಸಿ ಜೀವಸತ್ತ್ವವನ್ನು ಭಾರಿ ಪ್ರಮಾಣದಲ್ಲಿ ರಕ್ತನಾಳದ ಮೂಲಕ ತೆಗೆದುಕೊಂಡನು. ಅದರ ಜೊತೆಗೆ ಮಾರ್ಕ್ಸ್ ಸಹೋದರರ ಹಾಸ್ಯಚಿತ್ರಗಳನ್ನು ತರಿಸಿಕೊಂಡು ನೋಡಿದನು. ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ರೆ ಬರುತ್ತಿತ್ತೆಂದು ಅವನು ಬರೆದಿದ್ದಾನೆ. ಅವನ ನಗೆ ಇತರ ರೋಗಿಗಳಿಗೆ ತೊಂದರೆಯಾಯಿತು. ಆಸ್ಪತ್ರೆಯನ್ನು ಬಿಟ್ಟು ಹೋಟೆಲಿನ ಕೊಠಡಿಗೆ ಹೋದನು. ಅದರ ಬಾಡಿಗೆ ಆಸ್ಪತ್ರೆಯ ವೆಚ್ಚದ ಮೂರರಲ್ಲೊಂದು ಪಾಲು ಮಾತ್ರವಾಗಿತ್ತೆಂಬುದನ್ನೂ ಅವನು ಹೇಳಲು ಮರೆತಿಲ್ಲ! ಕ್ರಮೇಣ ಅವನು ಚೇತರಿಸಿಕೊಂಡು ಕೆಲಸಕ್ಕೆ ಮರಳಿದನು. ಈ ವೃತ್ತಾಂತವು ೧೯೭೬ರಲ್ಲಿ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿಯೂ ೧೯೭೯ರಲ್ಲಿ ಗ್ರಂಥರೂಪದಲ್ಲಿಯೂ ಪ್ರಕಟವಾಗಿ ಲೋಕವಿಖ್ಯಾತವಾಯಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಗಳು ಹಲವು. ಗುಳಿಗೆಗಳನ್ನು ಬಿಟ್ಟದ್ದು, ಜೀವಸತ್ತ್ವ, ಸ್ಥಳಾಂತರ, ನಗೆ ಇವು ನಾಲ್ಕೂ ಒಟ್ಟಿಗೆ ನಡೆದುವು. ಯಾವುದರಿಂದ ಏನಾಯಿತೆಂದು ಬಿಡಿಸಿ ಹೇಳುವಂತಿಲ್ಲ. ಆ ಬಗೆಯ ವ್ಯಾಧಿಯು ತಾನಾಗಿಯೇ ತಗ್ಗುವುದೂ ಉಂಟೆಂದು ವಿಮರ್ಶಕರು ತೋರಿಸಿದ್ದಾರೆ. ಅಷ್ಟೇ ಅಲ್ಲದೆ, ಕಸಿನ್ಸ್ ವೈದ್ಯನನ್ನು ತೊರೆದವನಲ್ಲ. ತನ್ನ ವೈದ್ಯನೊಡನೆ ಸಮಪಾಲಿನ ಹೊಣೆ ಹೊತ್ತು, ನಗೆಗೆ ಮುಂಚೆಯೂ ನಗೆಯ ಅನಂತರವೂ ರಕ್ತಪರೀಕ್ಷೆ ಮಾಡಿಸಿಕೊಂಡವನು. ನಗೆಯೆಂದು ತಾನು ಹೇಳಿದ್ದು ಪ್ರೀತಿ, ಭರವಸೆ, ಬದುಕುವ ಛಲ ಮುಂತಾದ ಎಲ್ಲ ಸದ್ಭಾವಗಳಿಗೂ ಒಂದು ಸಂಕೇತವೆಂದು ಅವನೇ ಮುಂದೆ ಸ್ಪಷ್ಟಪಡಿಸಬೇಕಾಯಿತು. ಔಷಧವನ್ನು ಎಸೆದು ನಗುತ್ತ ಕುಳಿತು ಗುಣವಾದವನೆಂದು ಅವನನ್ನು ಚಿತ್ರಿಸುವುದು ಅವನಿಗೂ ಅನ್ಯಾಯ, ರೋಗಿಗಳಿಗೂ ಅಪಾಯ.

ಅನಂತರ ನಡೆದ ಪ್ರಯೋಗಗಳ ಸಂಖ್ಯೆ ದೊಡ್ಡದು. ಅವುಗಳಲ್ಲಿ ಬಹುಪಾಲಿನ ಗಾತ್ರ ಮಾತ್ರ ಚಿಕ್ಕದು. ೧೯೮೯ರಲ್ಲಿ ಕ್ಯಾಲಿಫೋರ್ನಿಯದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಬರ್ಕ್ ಮತ್ತು ಅವರ ಸಂಗಡಿಗರು, ಒಂದು ಗಂಟೆ ಹಾಸ್ಯದ ವಿಡಿಯೋ ನೋಡಿದವರ ರಕ್ತದಲ್ಲಿ ಕಾರ್ಟಿಸಾಲ್ ಮೊದಲಾದ, ಒತ್ತಡಕ್ಕೆ ಸಂಬಂಧಿಸಿದ ರಸದ್ರವ್ಯಗಳು ಇಳಿದುವೆಂದು ವರದಿ ಮಾಡಿದರು. ನೋಡಿದವರು ಐವರು, ಹೋಲಿಕೆಗಾಗಿ ಸುಮ್ಮನೆ ಕುಳಿತವರು ಐವರು! ೨೦೧೨ರಲ್ಲಿ ಆಕ್ಸ್‌ಫರ್ಡಿನ ರಾಬಿನ್ ಡನ್ಬಾರ್ ತಂಡದವರು, ಜೊತೆಗೂಡಿ ನಕ್ಕವರು ನಕ್ಕ ಮೇಲೆ ಹೆಚ್ಚು ನೋವನ್ನು ಸಹಿಸಬಲ್ಲರೆಂದು ತೋರಿಸಿದರು. ದೇಹವೇ ತಯಾರಿಸಿಕೊಳ್ಳುವ ಎಂಡಾರ್ಫಿನ್ ಎಂಬ ನೋವುಶಾಮಕವು ಇದಕ್ಕೆ ಕಾರಣವಿರಬಹುದೆಂಬುದು ಅವರ ಊಹೆ. ಕಸಿನ್ಸನ ಎರಡು ಗಂಟೆಯ ನಿದ್ರೆಗೆ ಇದರಿಂದ ತಕ್ಕಮಟ್ಟಿನ ಬೆಂಬಲ ದೊರೆಯುತ್ತದೆ. ಆದರೆ ನೋವನ್ನು ಸಹಿಸುವುದು ಬೇರೆ, ರೋಗ ಗುಣವಾಗುವುದು ಬೇರೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಈ ಬಗೆಯ ಅಧ್ಯಯನಗಳನ್ನೆಲ್ಲ ೨೦೦೧ರಲ್ಲಿ ಕೂಲಂಕಷವಾಗಿ ಪರಿಶೀಲಿಸಿ, ನಗೆಯಿಂದ ರೋಗನಿರೋಧಶಕ್ತಿ ಬೆಳೆಯುತ್ತದೆ, ಆಯುಷ್ಯ ಹೆಚ್ಚುತ್ತದೆ ಎಂಬ ಹೇಳಿಕೆಗಳಿಗೆ ಆಧಾರ ದುರ್ಬಲವೆಂದು ನಿರ್ಣಯಿಸಿದನು. ನಗೆಯ ಮೇಲಣ ಪ್ರೀತಿಯಿಂದಲೇ ಜೀವಮಾನವನ್ನು ಅದರ ಅಧ್ಯಯನಕ್ಕೆ ಮುಡುಪಿಟ್ಟವನ ನಿರ್ಣಯವಿದು.

ಆಯುಷ್ಯದ ಬಗೆಗೆ ಎರಡು ದೊಡ್ಡ ಅಧ್ಯಯನಗಳು ಪರಸ್ಪರ ವಿರುದ್ಧವಾಗಿ ನಿಂತಿವೆ. ೧೯೨೧ರಲ್ಲಿ ಟರ್ಮನ್ ಎಂಬ ವಿದ್ವಾಂಸನು ಕ್ಯಾಲಿಫೋರ್ನಿಯದ ಸುಮಾರು ೧೫೦೦ ಚುರುಕು ಮಕ್ಕಳನ್ನು ಆರಿಸಿ ಆರಂಭಿಸಿದ ಅಧ್ಯಯನವನ್ನು ಇತರರು ದಶಕಗಳ ಕಾಲ ಮುಂದುವರಿಸಿದರು. ೧೯೯೩ರಲ್ಲಿ ಲೆಕ್ಕ ಹಾಕಿದಾಗ, ಬಾಲ್ಯದಲ್ಲಿ ಹಾಸ್ಯಪ್ರಿಯರೂ ಉಲ್ಲಾಸಿಗಳೂ ಎನಿಸಿಕೊಂಡವರು ಉಳಿದವರಿಗಿಂತ ಸ್ವಲ್ಪ ಬೇಗನೆ ತೀರಿಕೊಂಡಿದ್ದರು. ಹೆಚ್ಚು ಬಾಳಿದವರು ಕರ್ತವ್ಯನಿಷ್ಠರು. ಎಲ್ಲವೂ ಸರಿಹೋಗುತ್ತದೆಂಬ ನಿಶ್ಚಿಂತೆಯಲ್ಲಿ ಉಲ್ಲಾಸಿಗಳು ಅಪಾಯಗಳನ್ನು ಕಡೆಗಣಿಸಿರಬಹುದು. ಇದಕ್ಕೆ ಪ್ರತಿಯಾಗಿ, ನಾರ್ವೆ ದೇಶದ ಒಂದು ಜಿಲ್ಲೆಯಲ್ಲಿ ಸ್ವೇಬಾಕ್ ಎಂಬ ವಿದ್ವಾಂಸ ಮತ್ತು ಸಂಗಡಿಗರು ೫೩,೦೦೦ಕ್ಕೂ ಹೆಚ್ಚು ಜನರನ್ನು ಏಳು ವರ್ಷ ಗಮನಿಸಿ ೨೦೧೦ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಿನೋದಪ್ರಜ್ಞೆಯುಳ್ಳವರಲ್ಲಿ ಸಾವು ಕಡಮೆಯಿತ್ತು. ಆದರೆ ೬೫ ವರ್ಷ ದಾಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ನಾರ್ವೆಯವರು ಅಳೆದದ್ದು ಗಟ್ಟಿಯಾಗಿ ನಗುವ ಅಭ್ಯಾಸವನ್ನಲ್ಲ, ಬದುಕಿನಲ್ಲಿ ವಿನೋದವನ್ನು ಕಾಣಬಲ್ಲ ಬುದ್ಧಿಯನ್ನು. ಎರಡೂ ಒಂದೇ ಅಲ್ಲವೆಂಬುದನ್ನು ಭರತನ ಸ್ಮಿತ, ಅತಿಹಸಿತಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ನಗೆಯಿಂದ ಕೆಡುಕೂ ಉಂಟು. ಫರ್ನರ್ ಮತ್ತು ಆರನ್ಸನ್ ಎಂಬ ಇಬ್ಬರು ಬ್ರಿಟಿಷ್ ವೈದ್ಯರು ೨೦೧೩ರಲ್ಲಿ ವೈದ್ಯಕೀಯ ಬರಹಗಳನ್ನು ಜಾಲಾಡಿ, ಜೋರಾದ ನಗೆಯಿಂದ ಮೂರ್ಛೆ ಹೋದವರು, ಉಬ್ಬಸ ಕೆರಳಿದವರು, ದವಡೆಯ ಕೀಲು ತಪ್ಪಿದವರು, ಹರ್ನಿಯಾ ಉಬ್ಬಿಸಿಕೊಂಡವರು ಇವರೆಲ್ಲರ ನಿದರ್ಶನಗಳನ್ನು ಕಲೆಹಾಕಿದರು. ನನ್ನ ಮೇಷ್ಟ್ರ ದಿಂಬಿಗೆ ಶಾಸ್ತ್ರಾಧಾರವಿತ್ತೆಂದಾಯಿತು.

ನಮ್ಮ ದೇಶದಲ್ಲಿ ನಗೆಯನ್ನು ವ್ಯಾಯಾಮವಾಗಿ ಪ್ರಚುರಪಡಿಸಿದವರು ಮುಂಬಯಿಯ ವೈದ್ಯ ಡಾ. ಮದನ ಕಟಾರಿಯಾ. ೧೯೯೫ರ ಮಾರ್ಚ್ ೧೩ರಂದು ಅಲ್ಲಿನ ಉದ್ಯಾನವೊಂದರಲ್ಲಿ ಐವರು ಸೇರಿ ನಗೆಕೂಟವನ್ನು ಆರಂಭಿಸಿದರು. ಮೊದಮೊದಲು ನಗೆಹನಿಗಳನ್ನು ಹೇಳಿ ನಗುತ್ತಿದ್ದರು. ಎರಡು ವಾರಗಳಲ್ಲಿ ಒಳ್ಳೆಯವು ಮುಗಿದು, ಇತರರನ್ನು ಅವಹೇಳನ ಮಾಡುವಂಥವೂ ಅಶ್ಲೀಲವಾದುವೂ ಬರತೊಡಗಿ ಕೆಲವರು ನೊಂದುಕೊಂಡರು. ಆಗ ಕಟಾರಿಯಾ ಅವರು ಹಾಸ್ಯವನ್ನೇ ಕೈಬಿಟ್ಟು, ಪ್ರಾಣಾಯಾಮದೊಡನೆ ಬರಿಯ ನಗೆಯನ್ನು ಅಭ್ಯಾಸ ಮಾಡಿಸಿದರು. ಇಂದು ಬೆಂಗಳೂರಿನ ಉದ್ಯಾನಗಳಲ್ಲಿಯೂ ಬೆಳಗಿನ ಹೊತ್ತು ಹಿರಿಯರು ಕೈಯೆತ್ತಿ ನಗುವುದನ್ನು ಕಾಣುತ್ತೇವೆ. ಇದನ್ನು ಕಂಡು ಮೂಗುಮುರಿಯುವವರಲ್ಲಿ ನಾನೂ ಒಬ್ಬನಾಗಿದ್ದೆ. ಈಗ ಹಾಗಿಲ್ಲ. ಮನೆಯಲ್ಲಿ ಮಾತಿಗೆ ಸಿಗುವವರಿಲ್ಲದ ಮುದುಕರಿಗೆ ದಿನಕ್ಕೊಮ್ಮೆ ಮುಖಕ್ಕೆ ಮುಖ ಕೊಟ್ಟು ನಿಲ್ಲುವ ನಾಲ್ಕು ಜನ ಸಿಗುವುದು ಸಣ್ಣ ಸಂಗತಿಯಲ್ಲ. ಪ್ರೊವೈನ್ ಕಂಡುಕೊಂಡ ಸಂಗಡಿಗರು ಅಲ್ಲಿ ಇದ್ದೇ ಇದ್ದಾರೆ. ಆದರೆ ರಕ್ತದೊತ್ತಡದ ಗುಳಿಗೆಯನ್ನು ನಿಲ್ಲಿಸಲು ಅದು ಕಾರಣವಾಗಬಾರದು.

ನಗೆಹನಿಗಳು ಎರಡು ವಾರದಲ್ಲಿ ಅವಹೇಳನಕ್ಕೆ ಇಳಿದುವೆಂಬ ಸಂಗತಿಯನ್ನು ನಾನು ಮುಖ್ಯವೆಂದೆಣಿಸುತ್ತೇನೆ. ಮೇಲೆ ಹೇಳಿದ ರಾಡ್ ಮಾರ್ಟಿನ್ ೨೦೦೩ರಲ್ಲಿ ವಿನೋದವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ಜೊತೆಯವರನ್ನು ಹತ್ತಿರ ತರುವ ವಿನೋದ, ಕಷ್ಟದಲ್ಲಿ ತನ್ನನ್ನು ತಾನು ಎತ್ತಿಹಿಡಿಯುವ ವಿನೋದ, ಇತರರನ್ನು ಇರಿಯುವ ವಿನೋದ, ಇತರರ ಮೆಚ್ಚಿಗೆಗಾಗಿ ತನ್ನನ್ನೇ ಹೀನಾಯ ಮಾಡಿಕೊಳ್ಳುವ ವಿನೋದ. ಮೊದಲೆರಡು ಉಳ್ಳವರಲ್ಲಿ ಮನಸ್ಸಿನ ಸ್ವಾಸ್ಥ್ಯವು ಸಾಮಾನ್ಯವಾಗಿ ಹೆಚ್ಚಾಗಿರುತ್ತದೆ. ಕೊನೆಯದು ಉಳ್ಳವರಲ್ಲಿ ಖಿನ್ನತೆ, ಕಳವಳ ಹೆಚ್ಚು. ಎಲ್ಲರನ್ನೂ ನಗಿಸುವವನು ಒಳಗೆ ಕುದಿಯುತ್ತಿರಬಹುದೆಂದು ಹಿರಿಯರು ಹೇಳುವುದು ಸುಳ್ಳಲ್ಲ.

ನಗೆಗೆ ಗುರಿಯಾದವನ ಆರೋಗ್ಯದ ಗತಿಯೇನು? ನಗೆ ಆರೋಗ್ಯವೆಂದು ಸಾರುವವರು ಈ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣುವುದಿಲ್ಲ. ಮಯಸಭೆಯಲ್ಲಿ ನೀರನ್ನು ನೆಲವೆಂದು ಬಗೆದು ಬಿದ್ದ ದುರ್ಯೋಧನನನ್ನು ಕಂಡು ನಕ್ಕವರಿಗೆ ಅದು ಒಂದು ಗಳಿಗೆಯ ಉಲ್ಲಾಸ. ಅವನು ಮಾತ್ರ ಅದನ್ನು ಅನ್ನ ನಿದ್ರೆ ಬಿಟ್ಟು ಹೊತ್ತುಕೊಂಡು ಹೋದನು. ಜರ್ಮನಿಯ ಚಿಕಿತ್ಸಕ ಮಿಖಾಯೆಲ್ ಟಿಟ್ಸೆ, ನಗೆಪಾಟಲಾಗುವ ಭಯವನ್ನೇ ಒಂದು ಮನೋವ್ಯಥೆಯೆಂದು ಗುರುತಿಸಿದನು. ಇಂಥವರಿಗೆ ದೂರದಲ್ಲಿ ಯಾರು ನಕ್ಕರೂ ತಮ್ಮನ್ನೇ ನಕ್ಕಂತೆ ತೋರುತ್ತದೆ. ಸೌಹಾರ್ದದ ನಗೆಯೂ ಅವರಿಗೆ ಇರಿತವಾಗುತ್ತದೆ. ಭಯದಿಂದ ಅವರ ಮೈ ಮರದ ಬೊಂಬೆಯಂತೆ ಬಿಗಿದುಕೊಳ್ಳುತ್ತದೆ. ಬರ್ಗ್‌ಸನ್ನನ ಮಾತನ್ನು ಇಲ್ಲಿ ಕೂಡಿಸಿ ನೋಡಿ. ಯಂತ್ರದಂತೆ ಬಿಗಿದ ನಡೆಯೇ ನೋಡುವವರಿಗೆ ನಗೆ ತರಿಸುತ್ತದೆ. ನಗೆಯ ಅಂಜಿಕೆಯಿಂದ ಬಿಗುಪು, ಬಿಗುಪಿನಿಂದ ಮತ್ತೆ ನಗೆ! ತೊದಲುವ ಹುಡುಗನನ್ನು ನಕ್ಕು ತಿದ್ದುತ್ತೇವೆಂದು ಹೊರಡುವ ತರಗತಿಗಳು ನಮ್ಮಲ್ಲಿ ಇನ್ನೂ ಇವೆ. ಬರ್ಗ್‌ಸನ್ ಸಮಾಜದ ನಗೆಗೆ ತಿದ್ದುವ ಶಕ್ತಿಯನ್ನು ಆರೋಪಿಸಿದ್ದು ಅತಿಯಾಯಿತೆಂದೇ ನನ್ನ ಅಭಿಪ್ರಾಯ.

ಕನ್ನಡದಲ್ಲಿ ವೈದ್ಯವನ್ನೂ ನಗೆಯನ್ನೂ ಒಂದೇ ಕೈಯಲ್ಲಿ ಹಿಡಿದಿದ್ದವರು 'ರಾಶಿ'ಯವರು, ಎಂದರೆ ಡಾ. ಎಂ. ಶಿವರಾಂ. ಅವರು ೧೯೪೨ರಲ್ಲಿ ಆರಂಭಿಸಿದ 'ಕೊರವಂಜಿ' ಮಾಸಪತ್ರಿಕೆ ೧೯೬೭ರವರೆಗೆ ಇಪ್ಪತ್ತೈದು ವರ್ಷ ಕನ್ನಡಿಗರನ್ನು ನಗಿಸಿತು. ಮನೋವೈದ್ಯಕ್ಕೆ ಸಂಬಂಧಿಸಿದ ಅವರ 'ಮನಮಂಥನ' ಕೃತಿಗೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ರೋಗಿಗೆ ಮದ್ದು ಕೊಡುವುದನ್ನೂ ಓದುಗನಿಗೆ ನಗೆ ಕೊಡುವುದನ್ನೂ ಒಬ್ಬರೇ ನಡೆಸಿದರೂ, ಒಂದರ ಬದಲಿಗೆ ಇನ್ನೊಂದನ್ನು ಅವರು ಕೊಡಲಿಲ್ಲ.

ಮತ್ತೆ ಆಸ್ಪತ್ರೆಯ ಆ ಕೊಠಡಿಗೆ ಬರುತ್ತೇನೆ. ಹೊಲಿಗೆ ಬಿಚ್ಚಿಸಿಕೊಂಡ ದಿನ ಮೇಷ್ಟ್ರು ಮನೆಗೆ ಹೊರಡುವ ಮುನ್ನ ಪಕ್ಕದ ಹಾಸಿಗೆಯ ತರುಣನ ಬಳಿ ಹೋಗಿ ಕುಳಿತರು. ನಗು ಎಂದು ಹೇಳಲಿಲ್ಲ. ತಾವು ಹಿಂದೊಮ್ಮೆ ಹಳಗನ್ನಡದ ಪಾಠ ಮಾಡುತ್ತ ಕನ್ನಡಕಕ್ಕಾಗಿ ಮೇಜು, ಬೀರು, ಕೊನೆಗೆ ಹುಡುಗರ ಚೀಲಗಳನ್ನೂ ತಡಕಾಡಿ, ಅದು ತಮ್ಮ ಹಣೆಯ ಮೇಲೇ ಇದ್ದದ್ದನ್ನು ತರಗತಿಯಲ್ಲಿ ಒಬ್ಬನೂ ಹೇಳದೆ ಹೋದ ಪ್ರಸಂಗವನ್ನು ಅವನಿಗೆ ಹೇಳಿದರು. ಆ ತರಗತಿಯಲ್ಲಿ ನಾನೂ ಇದ್ದೆ. ತರುಣನು ಮೊದಲು ನನ್ನ ಮುಖ ನೋಡಿದ, ಆಮೇಲೆ ಮೇಷ್ಟ್ರ ಹಣೆಯನ್ನು ನೋಡಿದ. ಕನ್ನಡಕ ಆಗಲೂ ಅಲ್ಲಿಯೇ ಇತ್ತು.